ತಲಕಾಡಿನ ಗದ್ದುಗೆಯಿಂದ ಬಂಕಾಪುರದ ಬಸದಿಗೆ: ಗಂಗ ಮಾರಸಿಂಹನ ಏಳುಬೀಳು

ನಂಜನಗೂಡನ್ನು ಬಳಸಿ ಹರಿದು ಬರುವ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯ ಒಡಲು ಸೇರುತ್ತಾಳೆ. ಸಂಗಮದ ದಂಡೆಯ ಟಿ. ನರಸೀಪುರದಿಂದ ಸುಮಾರು 20 ಕಿಲೋಮೀಟರ್ ಸಾಗಿದರೆ ತಲಕಾಡು. ಮರಳ ದಿಬ್ಬಗಳ ನಡುವೆ ಹುದುಗಿದ ಗುಡಿಗಳು, ಅಪರೂಪಕ್ಕೆ ಕೂಡಿಬರುವ ಪಂಚಲಿಂಗ ದರ್ಶನ, ಅಲಮೇಲಮ್ಮನ ಶಾಪ - ತಲಕಾಡೆಂದೊಡನೆ ಕನ್ನಡಿಗರ ನೆನಪಿಗೆ ಬರುವುದು ಇಷ್ಟೇ. ಆದರೆ ಆ ಶಾಪದ ಕಥೆ ಹುಟ್ಟುವುದಕ್ಕೆ ಆರು ಶತಮಾನಗಳ ಮೊದಲೇ ಈ ಊರು ಒಂದು ರಾಜವಂಶದ ಅವಸಾನವನ್ನು ಕಂಡಿತ್ತು. ಆ ವಂಶ ಗಂಗರದು. ಅದರ ಕಟ್ಟಕಡೆಯ ಮಹಾಯೋಧನ ಹೆಸರು ಮಾರಸಿಂಹ.

ಇತಿಹಾಸ ಗ್ರಂಥಗಳಲ್ಲಿ ಕೆಲವರು ಆತನನ್ನು ಎರಡನೆಯ ಮಾರಸಿಂಹನೆಂದೂ ಕೆಲವರು ಮೂರನೆಯವನೆಂದೂ ಎಣಿಸುತ್ತಾರೆ. ಆತ ಆಳಿದ್ದು ಕ್ರಿ.ಶ. 963ರಿಂದ 974ರವರೆಗೆ, ಹೆಚ್ಚುಕಡಿಮೆ ಹನ್ನೊಂದೇ ವರ್ಷ. ಅಷ್ಟರೊಳಗೆ ತುಂಗಭದ್ರೆಯನ್ನು ದಾಟಿ ಮಾಳವದ ಗಡಿಯವರೆಗೆ ಆತನ ಖಡ್ಗ ಓಡಾಡಿತು. ಒಂದು ಸಾಮ್ರಾಜ್ಯದ ಕಿರೀಟವನ್ನು ತನ್ನ ಕೈಯಾರೆ ಇನ್ನೊಬ್ಬನ ತಲೆಗಿಡುವಷ್ಟು ಎತ್ತರಕ್ಕೆ ಆತ ಏರಿದನು. ಅದಾದ ಸ್ವಲ್ಪ ಕಾಲದಲ್ಲಿಯೇ ರಾಜ್ಯವನ್ನು ತೊರೆದು, ತಲಕಾಡಿನಿಂದ ಸುಮಾರು 400 ಕಿಲೋಮೀಟರ್ ದೂರದ ಬಂಕಾಪುರದಲ್ಲಿ, ಗುರುವಿನ ಪಾದದ ಬಳಿ ಮೂರು ದಿನ ಉಪವಾಸವಿದ್ದು ಪ್ರಾಣಬಿಟ್ಟನು.

ಇಂಥ ಏಳುಬೀಳನ್ನು ಒಬ್ಬನ ಶೌರ್ಯ ಅಥವಾ ಒಬ್ಬನ ದುರದೃಷ್ಟದಿಂದ ವಿವರಿಸಲಾಗದು. ಅದರ ಬೇರು ಮಾರಸಿಂಹ ಹುಟ್ಟುವ ನೂರೈವತ್ತು ವರ್ಷಗಳಿಗೂ ಹಿಂದೆ, ಗಂಗರು ಮತ್ತು ರಾಷ್ಟ್ರಕೂಟರ ನಡುವಿನ ವಿಚಿತ್ರ ಬಾಂಧವ್ಯದಲ್ಲಿದೆ.

ಸೆರೆಮನೆಯಿಂದ ಬೀಗತನಕ್ಕೆ

ಗಂಗರ ನಾಡು ಗಂಗವಾಡಿ 96,000. ಇಂದಿನ ಮೈಸೂರು, ಚಾಮರಾಜನಗರ, ಮಂಡ್ಯ, ಹಾಸನ, ತುಮಕೂರು, ಬೆಂಗಳೂರು, ಕೋಲಾರದ ಸೀಮೆಗಳ ಬಹುಪಾಲು ಅದರೊಳಗಿತ್ತು. ಮೊದಲು ಕುವಲಾಲ, ಅಂದರೆ ಕೋಲಾರ, ರಾಜಧಾನಿಯಾಗಿತ್ತು. ಅನಂತರ ಕಾವೇರಿ ದಂಡೆಯ ತಲಕಾಡು ಆ ಸ್ಥಾನಕ್ಕೆ ಬಂತು. ಆನೆ ಅವರ ಲಾಂಛನ. ಆನೆಗಳು ಹೇರಳವಾಗಿದ್ದ ಕಾಡುಗಳು ದಕ್ಷಿಣದ ಗಡಿಗೆ ತಾಗಿಕೊಂಡಿದ್ದುದರಿಂದ ಗಂಗರ ಗಜಬಲಕ್ಕೆ ನೆರೆಹೊರೆಯ ಅರಸರೆಲ್ಲ ಆಸೆಪಡುತ್ತಿದ್ದರು, ಅಂಜುತ್ತಲೂ ಇದ್ದರು.

ಎಂಟನೆಯ ಶತಮಾನದ ಕೊನೆಯಲ್ಲಿ ಮಾನ್ಯಖೇಟದ ರಾಷ್ಟ್ರಕೂಟರು ಈ ನಾಡಿನ ಮೇಲೆ ಕಣ್ಣಿಟ್ಟರು. ಗಜಶಾಸ್ತ್ರದಲ್ಲಿ ಪಾರಂಗತನೆಂದು ಹೆಸರಾದ ಇಮ್ಮಡಿ ಶಿವಮಾರನನ್ನು ಧ್ರುವ ಚಕ್ರವರ್ತಿ ಸೋಲಿಸಿ ಸೆರೆಗೆ ತಳ್ಳಿದನು. ಧ್ರುವನ ಹಿರಿಯ ಮಗ ಕಂಬರಸ ಗಂಗವಾಡಿಯ ಅಧಿಪತಿಯಾದನು. ಮುಂದೆ ಮುಮ್ಮಡಿ ಗೋವಿಂದ ಶಿವಮಾರನನ್ನು ಬಿಡುಗಡೆ ಮಾಡಿದರೂ ಆತ ಪ್ರಭುವಿಗೆ ತಲೆಬಾಗಲಿಲ್ಲ. ಮತ್ತೆ ಸೆರೆ ಸೇರಿದನು. ಗಂಗರ ಮನೆತನಕ್ಕೆ ಇದಕ್ಕಿಂತ ದೊಡ್ಡ ಅವಮಾನ ಅದುವರೆಗೆ ಆಗಿರಲಿಲ್ಲ.

ಆದರೆ ಯುದ್ಧದಿಂದ ಗಂಗರನ್ನು ಸಂಪೂರ್ಣವಾಗಿ ಮಣಿಸಲಾಗದೆಂಬುದನ್ನು ಅಮೋಘವರ್ಷ ನೃಪತುಂಗ ಅರಿತನು. ತನ್ನ ಮಗಳು ಚಂದ್ರೊಬಲಬ್ಬೆಯನ್ನು ಗಂಗ ರಾಜಕುಮಾರ ಬೂತುಗನಿಗೆ ಕೊಟ್ಟು ಮದುವೆ ಮಾಡಿದನು. ಕತ್ತಿ ಮಾಡದ ಕೆಲಸವನ್ನು ತಾಳಿ ಮಾಡಿತು. ಅಲ್ಲಿಂದಾಚೆಗೆ ಎರಡೂ ಮನೆತನಗಳ ನಡುವೆ ಕೊಡುಕೊಳ್ಳುವುದು ಬೆಳೆಯಿತು. ಸೆರೆಯಲ್ಲಿಟ್ಟವರು ಬೀಗರಾದರು. ಈ ಬೀಗತನವೇ ಗಂಗರನ್ನು ಎತ್ತಿತು. ಕೊನೆಗೆ ಮುಳುಗಿಸಿದ್ದೂ ಇದೇ ಎಂದರೆ ತಪ್ಪಾಗದು.

ಹತ್ತನೆಯ ಶತಮಾನದಲ್ಲಿ ಮಾರಸಿಂಹನ ತಂದೆ ಇಮ್ಮಡಿ ಬೂತುಗ ಗದ್ದುಗೆಗೆ ಬಂದುದು ಸುಮಾರು 938ರಲ್ಲಿ, ಅದೂ ತನ್ನ ಅಣ್ಣ ಮುಮ್ಮಡಿ ರಾಚಮಲ್ಲನನ್ನು ಕೊಂದು. ಇದಕ್ಕೆ ರಾಷ್ಟ್ರಕೂಟರ ಬೆಂಬಲವಿತ್ತು. ರಾಷ್ಟ್ರಕೂಟ ಬದ್ದೆಗನ ಮಗಳು, ಮುಮ್ಮಡಿ ಕೃಷ್ಣನ ಅಕ್ಕ ರೇವಕನಿಮ್ಮಡಿಯನ್ನು ಆತ ವರಿಸಿದ್ದನು. ಬಳುವಳಿಯಾಗಿ ಬಂದುದು ಚಿನ್ನವಲ್ಲ, ನಾಡುಗಳೇ: ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70. ಇಂದಿನ ಗದಗ, ಲಕ್ಷ್ಮೇಶ್ವರ, ಬಾಗಲಕೋಟೆಯ ಕಪ್ಪು ಮಣ್ಣಿನ ಸೀಮೆ ಹೀಗೆ ಕಾವೇರಿ ದಂಡೆಯ ಅರಸನ ಕೈಸೇರಿತು.

ಈ ಋಣವನ್ನು ಬೂತುಗ ತೀರಿಸಿದ್ದು 949ರ ತಕ್ಕೋಲಂ ಯುದ್ಧದಲ್ಲಿ. ತಮಿಳುನಾಡಿನ ಅರಕ್ಕೋಣಂ ಬಳಿಯ ಆ ರಣರಂಗದಲ್ಲಿ ಚೋಳ ಯುವರಾಜ ರಾಜಾದಿತ್ಯ ಆನೆಯ ಮೇಲೆ ಕುಳಿತಿದ್ದಾಗಲೇ ಬೂತುಗನ ಕೈಯಿಂದ ಹತನಾದನು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಪ್ರಸಿದ್ಧ ಶಾಸನ ಈ ಗೆಲುವನ್ನು ದಾಖಲಿಸಿದೆ. ಬೂತುಗನ ಭಂಟ ಮಣಲೆರನಿಗೆ ಮೆಚ್ಚುಗೆಯಾಗಿ ದೊರೆತ ಕಾಳಿ ಎಂಬ ನಾಯಿ, ಹಂದಿಯೊಡನೆ ಹೋರಾಡಿ ಸತ್ತ ಕಥೆಯೂ ಅದೇ ಕಲ್ಲಿನಲ್ಲಿದೆ. ಚಕ್ರವರ್ತಿಗಳ ಯುದ್ಧಕ್ಕೂ ನಾಯಿಯ ಸಾವಿಗೂ ಒಂದೇ ಕಲ್ಲನ್ನು ಮೀಸಲಿಟ್ಟ ಆ ಕಾಲದ ಮನಸ್ಸನ್ನು ಮೆಚ್ಚಲೇಬೇಕು. ಗೆಲುವಿಗೆ ಸಂತಸಗೊಂಡ ಕೃಷ್ಣ, ಬನವಾಸಿ 12,000ವನ್ನೂ ಬೂತುಗನಿಗೆ ಬಿಟ್ಟುಕೊಟ್ಟನು.

ಗಂಗರಿಗೆ ಇದು ಉತ್ತುಂಗದ ಕ್ಷಣ. ಆದರೆ ಚೋಳರು ಆ ಸಾವನ್ನು ಮರೆಯುವವರಾಗಿರಲಿಲ್ಲ. ಅವರ ದಾಖಲೆಗಳಲ್ಲಿ ರಾಜಾದಿತ್ಯ ಆನೆಯ ಮೇಲೆ ಮಡಿದ ದೊರೆಯೆಂದೇ ಶಾಶ್ವತನಾದನು.

ಕಲ್ಲಬ್ಬೆಯ ಮಗ

ಮಾರಸಿಂಹ ರೇವಕನಿಮ್ಮಡಿಯ ಮಗನಲ್ಲ. ಬೂತುಗನ ಮತ್ತೊಬ್ಬ ರಾಣಿ ಕಲ್ಲಬ್ಬೆಯ ಮಗ. ಹೀಗಾಗಿ ತಂದೆಯ ನಂತರ ಪಟ್ಟಕ್ಕೆ ಬಂದವನು ರಾಷ್ಟ್ರಕೂಟರ ರಕ್ತ ಹೊತ್ತ ಮಲಸಹೋದರ ಮರುಳದೇವ. ಕೃಷ್ಣನ ಮಗಳನ್ನೇ ಮದುವೆಯಾಗಿದ್ದ ಮರುಳದೇವನ ಆಳ್ವಿಕೆ ಬಹುಕಾಲ ಬಾಳಲಿಲ್ಲ. 963ರ ಸುಮಾರಿಗೆ ಮಾರಸಿಂಹನ ಸರದಿ ಬಂತು.

ಪಟ್ಟಾಭಿಷೇಕದ ವಿವರ ಕುತೂಹಲಕರವಾಗಿದೆ. ಉತ್ತರದ ದಂಡಯಾತ್ರೆಗೆ ಹೊರಟಿದ್ದ ಮುಮ್ಮಡಿ ಕೃಷ್ಣ ತಾನೇ ನಿಂತು ಮಾರಸಿಂಹನಿಗೆ ಗಂಗವಾಡಿಯ ಪಟ್ಟಗಟ್ಟಿದನೆಂದು ಕೂಡ್ಲೂರಿನ ಶಾಸನ ಹೇಳುತ್ತದೆ. ಚಕ್ರವರ್ತಿಗೆ ಅಕ್ಕನ ಮಗನೂ ಅಲ್ಲದ, ಅಳಿಯನೂ ಅಲ್ಲದ ಈ ತರುಣನಲ್ಲಿ ಕೃಷ್ಣ ಕಂಡದ್ದು ರಕ್ತಸಂಬಂಧವನ್ನಲ್ಲ, ತೋಳ್ಬಲವನ್ನು. ಉತ್ತರಕ್ಕೆ ಹೊರಟ ಸೈನ್ಯಕ್ಕೆ ದಕ್ಷಿಣದಲ್ಲಿ ಬೆನ್ನು ಕಾಯುವವನೊಬ್ಬ ಬೇಕಿತ್ತು. ಅಗತ್ಯಬಿದ್ದರೆ ಮುಂದೆ ನಿಂತು ಕಾದುವವನೂ ಬೇಕಿತ್ತು.

ಪಟ್ಟಕ್ಕೆ ಬಂದ ಹೊಸತರಲ್ಲಿಯೇ ಮಾರಸಿಂಹ ಹೊರಡಿಸಿದ ದಾನಶಾಸನಗಳಲ್ಲಿ ಎರಡು ಮುಖ್ಯ. ಎರಡೂ ಶಕವರ್ಷ 884ಕ್ಕೆ, ಅಂದರೆ 962-63ಕ್ಕೆ ಸೇರಿದವು. ತಾಯಿ ಕಲ್ಲಬ್ಬೆ ಕಟ್ಟಿಸಿದ ಬಸದಿಗೆ ಏಲಾಚಾರ್ಯನೆಂಬ ಮುನಿಯ ಮೂಲಕ ಗ್ರಾಮವೊಂದನ್ನು ದತ್ತಿ ಬಿಟ್ಟದ್ದು ಒಂದು. ಇನ್ನೊಂದು ಟಿ. ನರಸೀಪುರ ತಾಲ್ಲೂಕಿನ ಕೂಡ್ಲೂರಿನ ತಾಮ್ರಪಟಗಳು. ಗಂಗ ವಂಶಾವಳಿಯನ್ನು ಬಿಡಿಸಿ ಹೇಳುವುದರಿಂದ ಇತಿಹಾಸಕಾರರಿಗೆ ಇವು ಅಮೂಲ್ಯ. ಆದರೆ ಮಾರಸಿಂಹನ ಮನಸ್ಸನ್ನು ತಿಳಿಯಲು ಬೇಕಾದ ಸಂಗತಿ ವಂಶಾವಳಿಯಲ್ಲಿಲ್ಲ, ದಾನ ಪಡೆದವನ ಹೆಸರಿನಲ್ಲಿದೆ. ಆತ ವಾದಿಘಂಘಲಭಟ್ಟನೆಂದು ಹೆಸರಾದ ಮುಂಜಾರ್ಯ. ವ್ಯಾಕರಣ, ತರ್ಕ ಮತ್ತು ನಾನಾ ದರ್ಶನಗಳಲ್ಲಿ ನುರಿತ ವಿದ್ವಾಂಸ. ಮಾರಸಿಂಹನಿಗೆ ವಿದ್ಯೆ ಕಲಿಸಿದ ಗುರು. ಬಾಗಿಯೂರು ಎಂಬ ಗ್ರಾಮವನ್ನು ಅರಸ ಆತನಿಗೆ ಗುರುದಕ್ಷಿಣೆಯಾಗಿ ಕೊಟ್ಟನು. ಆಳ್ವಿಕೆಯ ಮೊದಲಲ್ಲಿ ಗುರುವಿಗೆ ಗ್ರಾಮ ಕೊಟ್ಟವನು, ಕೊನೆಯಲ್ಲಿ ಗುರುವಿಗೆ ತನ್ನ ಉಸಿರನ್ನೇ ಒಪ್ಪಿಸಿದನೆಂಬುದು ಈ ಬದುಕಿನ ವಿಶೇಷ.

ಕಲಿತವನೆಂದ ಮಾತ್ರಕ್ಕೆ ಮಾರಸಿಂಹ ಸೌಮ್ಯನಾಗಿದ್ದನೆಂದು ತಿಳಿಯಬೇಕಾಗಿಲ್ಲ. ಆತನ ಬಿರುದುಗಳನ್ನು ನೋಡಿದರೆ ಸಾಕು: ಗಂಗಕಂದರ್ಪ, ಗಂಗಚೂಡಾಮಣಿ, ಜಗದೇಕವೀರ, ಮಂಡಲಿಕತ್ರಿನೇತ್ರ, ಚಲದುತ್ತರಂಗ, ಗುತ್ತಿಯ ಗಂಗ, ಎಲ್ಲಕ್ಕಿಂತ ಕಠೋರವಾದ ನೊಳಂಬಕುಲಾಂತಕ.

ಕೃಷ್ಣನ ಪರವಾಗಿ ಆತ ಉತ್ತರದ ಗೂರ್ಜರರ ಮೇಲೆ ಗೆಲುವು ಸಾಧಿಸಿದನು. ವಿಂಧ್ಯದ ಕಾಡುಗಳ ಕಿರಾತರನ್ನು ಚದುರಿಸಿದನು. ಪಾತಾಳಮಲ್ಲನ ತಮ್ಮ ವಜ್ಜಲನನ್ನು ಮಣಿಸಿದನು. ಬನವಾಸಿಯ ಒಡೆಯರಿಂದ ಕಪ್ಪ ಕಿತ್ತನು. ಮಾನ್ಯಖೇಟದಲ್ಲಿ ಚಕ್ರವರ್ತಿಯ ಬೀಡನ್ನು ಕಾಪಾಡಿದನು. ತಪತಿಯ ದಡ, ಗೋನೂರು, ಉಚ್ಚಂಗಿ, ಬನವಾಸಿ - ಶಾಸನ ಹೇಳುವ ರಣರಂಗಗಳ ಪಟ್ಟಿ ಉದ್ದವಾಗಿದೆ. ಪ್ರಶಸ್ತಿಗಳಲ್ಲಿ ಉತ್ಪ್ರೇಕ್ಷೆ ಸಹಜವೆಂದು ಒಂದಿಷ್ಟು ಕಳೆದರೂ, ಕಾವೇರಿ ತೀರದ ಅರಸನೊಬ್ಬ ನರ್ಮದೆಯ ದಿಕ್ಕಿನಲ್ಲಿ ಮತ್ತೆ ಮತ್ತೆ ಕಾದಿದ್ದಂತೂ ನಿಜ.

ನೊಳಂಬರ ಮೇಲಿನ ಹಗೆ

ಉತ್ತರದ ಯುದ್ಧಗಳು ಚಕ್ರವರ್ತಿಗಾಗಿ ನಡೆದವು. ನೊಳಂಬರೊಡನೆ ನಡೆದದ್ದು ಮಾರಸಿಂಹನ ಸ್ವಂತ ಯುದ್ಧ.

ನೊಳಂಬರು ಪಲ್ಲವ ಮೂಲದವರೆಂದು ಹೇಳಿಕೊಳ್ಳುತ್ತಿದ್ದ ಕನ್ನಡ ಅರಸರು. ನೊಳಂಬವಾಡಿ 32,000 ಅವರ ನಾಡು. ಇಂದಿನ ಚಿತ್ರದುರ್ಗ, ತುಮಕೂರಿನ ಭಾಗಗಳೂ ಗಡಿಯಾಚೆಗಿನ ಆಂಧ್ರದ ಸೀಮೆಯೂ ಅದರಲ್ಲಿ ಸೇರಿದ್ದವು. ರಾಜಧಾನಿ ಹೆಂಜೇರು, ಅಂದರೆ ಇಂದು ಆಂಧ್ರಪ್ರದೇಶಕ್ಕೆ ಸೇರಿರುವ ಹೇಮಾವತಿ. ಗಂಗರಿಗೂ ನೊಳಂಬರಿಗೂ ಹೆಣ್ಣು ಕೊಟ್ಟು ತಂದ ಸಂಬಂಧವೂ ಇತ್ತು, ಗಡಿಜಗಳವೂ ಇತ್ತು. ಹತ್ತಿರದ ನೆಂಟರ ಹಗೆ ದೂರದ ಶತ್ರುವಿನ ಹಗೆಗಿಂತ ತೀವ್ರವೆಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಗೋನೂರಿನ ಬಯಲಿನಲ್ಲಿ ನೊಳಂಬರ ಸೈನ್ಯ ಮುರಿಯಿತು. ಉಚ್ಚಂಗಿ ಕೋಟೆಯನ್ನು ಗಂಗರು ಏರಿದರು. ಹಿಂದೆ ಕಾಡುವೆಟ್ಟಿಗೂ ಸಾಧ್ಯವಾಗದ್ದನ್ನು ಮಾರಸಿಂಹ ಸಾಧಿಸಿದನೆಂದು ಶಾಸನ ಬೀಗುತ್ತದೆ. ಈಗ ವಿಜಯನಗರ ಜಿಲ್ಲೆಯ ಹರಪನಹಳ್ಳಿ ತಾಲ್ಲೂಕಿನಲ್ಲಿರುವ ಆ ಬೆಟ್ಟವನ್ನು ನೋಡಿದವರಿಗೆ ಈ ಬೀಗುವಿಕೆಯ ಅರ್ಥ ತಾನಾಗಿ ಹೊಳೆಯುತ್ತದೆ.

ಈ ಎರಡೂ ಗೆಲುವುಗಳಲ್ಲಿ ಸೇನಾನಿಯಾಗಿ ಹೆಸರು ಮಾಡಿದವನು ಚಾವುಂಡರಾಯ. ಮುಂದೆ ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಅದೇ ಚಾವುಂಡರಾಯ. ಗೋನೂರಿಗಾಗಿ ವೀರಮಾರ್ತಾಂಡನೆಂದೂ ಉಚ್ಚಂಗಿಗಾಗಿ ರಣರಂಗಸಿಂಗನೆಂದೂ ತನಗೆ ಬಿರುದು ಬಂತೆಂದು ಆತ 978ರಲ್ಲಿ ರಚಿಸಿದ ಚಾವುಂಡರಾಯ ಪುರಾಣದಲ್ಲಿ ಹೇಳಿಕೊಂಡಿದ್ದಾನೆ. ತೀರ್ಥಂಕರರ ಚರಿತೆ ಬರೆಯುತ್ತ ತನ್ನ ಯುದ್ಧಗಳ ಲೆಕ್ಕವನ್ನೂ ಬರೆದಿಟ್ಟ ಆತನಿಂದಾಗಿ ಮಾರಸಿಂಹನ ಕಾಲದ ಹಲವು ವಿವರಗಳು ಇಂದು ಲಭ್ಯವಾಗಿವೆ.

ನೊಳಂಬರನ್ನು ಬಗ್ಗುಬಡಿದದ್ದು ಮಾರಸಿಂಹನಿಗೆ ಕೀರ್ತಿ ತಂದಿತು, ನೆಮ್ಮದಿ ತರಲಿಲ್ಲ. ಈಶಾನ್ಯದ ಗಡಿಯಲ್ಲಿ ತಮಗೂ ಶತ್ರುಗಳಿಗೂ ನಡುವೆ ಅಡ್ಡಗೋಡೆಯಂತಿದ್ದ ರಾಜ್ಯವೊಂದನ್ನು ಗಂಗರು ತಾವೇ ಕೆಡವಿದರು. ಅಲ್ಲದೆ ಕುಲಾಂತಕನೆಂಬ ಬಿರುದು ಎಷ್ಟು ಭೀಕರವಾಗಿದ್ದರೂ ಆ ಕುಲ ಅಳಿಯಲಿಲ್ಲ. ಅಳಿದುಳಿದ ನೊಳಂಬರು ಮುಂದೆ ಕಲ್ಯಾಣದ ಚಾಲುಕ್ಯರ ಆಶ್ರಯದಲ್ಲಿ ಮತ್ತೆ ಚಿಗುರಿದರು. ಗಂಗರ ಗದ್ದುಗೆ ಮಾಯವಾದ ಮೇಲೂ ನೊಳಂಬರ ಶಾಸನಗಳು ದೊರೆಯುತ್ತವೆ.

ಇಷ್ಟರ ನಡುವೆ ಧಾರ್ಮಿಕ ಕಾರ್ಯಗಳೂ ಸಾಗಿದ್ದವು. ಪುರಿಗೆರೆ, ಅಂದರೆ ಇಂದಿನ ಲಕ್ಷ್ಮೇಶ್ವರದಲ್ಲಿ, ಗಂಗಕಂದರ್ಪನೆಂಬ ಆತನ ಬಿರುದನ್ನೇ ಹೊತ್ತ ಜಿನಾಲಯವಿತ್ತು. ಅದಕ್ಕೆ 968ರಲ್ಲಿ ಭೂಮಿದಾನ ನಡೆಯಿತು. ಹಲವೆಡೆ ಬಸದಿಗಳು, ಮಾನಸ್ತಂಭಗಳು ಎದ್ದವು.

ಕುಸಿದ ಛತ್ರ

967ರಲ್ಲಿ ಮುಮ್ಮಡಿ ಕೃಷ್ಣ ತೀರಿಕೊಂಡನು. ರಾಷ್ಟ್ರಕೂಟರ ಅವನತಿಗೆ ದಿನಾಂಕ ಹಾಕಬೇಕಾದರೆ ಇದನ್ನೇ ಹಾಕಬೇಕು. ಮೇಲೆ ನೋಡಲು ರಾಮೇಶ್ವರದವರೆಗೆ ಹರಡಿದ್ದ ಸಾಮ್ರಾಜ್ಯ, ಒಳಗೆ ಟೊಳ್ಳಾಗಿತ್ತು. ಕೃಷ್ಣ ತನ್ನ ಸಾಮಂತರಿಗೆ ನಾಡುಗಳನ್ನು ಕೈಬಿಚ್ಚಿ ಹಂಚಿದ್ದನು. ಬೂತುಗನಿಗೆ ಕೊಟ್ಟಂತೆ ಚಾಲುಕ್ಯ ಮನೆತನದ ತೈಲಪನಿಗೆ ತರ್ದವಾಡಿಯನ್ನು ಕೊಟ್ಟಿದ್ದನು. ಗಂಗರು ಪಡೆದ ನಾಡನ್ನು ನಿಷ್ಠೆಗೆ ಬಳಸಿದರು. ತೈಲಪ ಅದನ್ನು ಮೆಟ್ಟಿಲಾಗಿಸಿಕೊಂಡನು.

ಕೃಷ್ಣನ ತಮ್ಮ ಖೊಟ್ಟಿಗ ಪಟ್ಟಕ್ಕೆ ಬಂದನು. ಮಾಳವದ ಪರಮಾರ ಸೀಯಕ ನರ್ಮದೆಯನ್ನು ದಾಟಿ 972ರಲ್ಲಿ ಮಾನ್ಯಖೇಟವನ್ನೇ ಸುಲಿದನು. ಇಂದು ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡವಾಗಿರುವ ಆ ಮಹಾನಗರ ಆವರೆಗೆ ಇಂಥದೊಂದು ಲೂಟಿಯನ್ನು ಕಂಡಿರಲಿಲ್ಲ. ನೃಪತುಂಗನ ಕಾಲದಿಂದ ಕೂಡಿಟ್ಟ ಸಂಪತ್ತು ಬಂಡಿಗಳಲ್ಲಿ ಉತ್ತರಕ್ಕೆ ಹೋಯಿತು. ಖೊಟ್ಟಿಗ ಅದೇ ವರ್ಷ ಕಾಲವಾದನು. ಹಿಂದೆ ಬಂದ ಇಮ್ಮಡಿ ಕರ್ಕನಿಗೆ ಚಕ್ರವರ್ತಿಯ ಹೆಸರಿತ್ತು, ಬಲವಿರಲಿಲ್ಲ. 973ರಲ್ಲಿ ತೈಲಪ ಆತನನ್ನು ಕಿತ್ತೊಗೆದು ಹೊಸ ಚಾಲುಕ್ಯ ವಂಶವನ್ನು ಸ್ಥಾಪಿಸಿದನು. ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ದಖ್ಖಣವನ್ನಾಳಿದ ರಾಷ್ಟ್ರಕೂಟರ ಛತ್ರ ಒಂದೇ ಹೊಡೆತಕ್ಕೆ ಕೆಳಗೆ ಬಿತ್ತು.

ಸಾಮಂತರ ಮುಂದೆ ಈಗ ಸರಳವಾದ ಪ್ರಶ್ನೆಯಿತ್ತು: ಹೊಸ ಪ್ರಭುವಿಗೆ ಕೈಮುಗಿಯಬೇಕೇ, ಹಳೆಯ ಪ್ರಭುವಿನ ಹೆಸರಿನಲ್ಲಿ ಸಾಯಬೇಕೇ? ಅನೇಕರು ಮೊದಲನೆಯದನ್ನು ಆರಿಸಿಕೊಂಡರು. ಅದರಲ್ಲಿ ನಾಚಿಕೆಪಡುವಂಥದ್ದೂ ಇರಲಿಲ್ಲ. ಆ ಕಾಲದ ರಾಜಕೀಯದಲ್ಲಿ ಸಾಮಂತ ಗಾಳಿ ಬಂದ ಕಡೆ ತೂರಿಕೊಳ್ಳುವುದು ವಾಡಿಕೆಯೇ ಆಗಿತ್ತು.

ಮಾರಸಿಂಹ ಎರಡನೆಯದನ್ನು ಆರಿಸಿಕೊಂಡನು. ಮುಮ್ಮಡಿ ಕೃಷ್ಣನ ಮೊಮ್ಮಗ ಇಂದ್ರನನ್ನು ಮುಂದೆ ತಂದು, ಆತನೇ ನಿಜವಾದ ಚಕ್ರವರ್ತಿಯೆಂದು ಸಾರಿ, ತಾನೇ ನಿಂತು ಪಟ್ಟಗಟ್ಟಿದನು. ಒಂದು ಕಾಲಕ್ಕೆ ಕೃಷ್ಣ ಮಾರಸಿಂಹನ ಹಣೆಗೆ ಪಟ್ಟ ಕಟ್ಟಿದ್ದನು. ಹತ್ತು ವರ್ಷ ಕಳೆಯುವುದರೊಳಗೆ ಆ ಕೃಷ್ಣನ ಮೊಮ್ಮಗನ ಹಣೆಗೆ ಮಾರಸಿಂಹ ಪಟ್ಟ ಕಟ್ಟಿದನು. ಶಿವಮಾರನನ್ನು ಎರಡು ಬಾರಿ ಸೆರೆಗೆ ಹಾಕಿದ ವಂಶದ ಕೊನೆಯ ಕುಡಿಯನ್ನು ಉಳಿಸಲು ಶಿವಮಾರನ ವಂಶದವನೇ ಕತ್ತಿ ಹಿಡಿದು ನಿಂತನು.

ಇದನ್ನು ಬರಿಯ ಸ್ವಾಮಿನಿಷ್ಠೆಯೆಂದು ಹೊಗಳಿ ಸುಮ್ಮನಾಗುವುದು ಸುಲಭ. ಆದರೆ ಲೆಕ್ಕಾಚಾರವೂ ಅದರಲ್ಲಿತ್ತು. ಇಂದ್ರನ ತಾಯಿ ಗಂಗರ ಮನೆಯ ಹೆಣ್ಣು, ಬೂತುಗನ ಮಗಳು. ಎಂದರೆ ಮಾರಸಿಂಹ ಆತನಿಗೆ ಸೋದರಮಾವ. ಅಳಿಯ ಮಾನ್ಯಖೇಟದಲ್ಲಿ ಕುಳಿತರೆ ಗಂಗರ ಕೈ ಸಿಂಹಾಸನದ ಮೇಲೆಯೇ ಇದ್ದಂತೆ. ಇನ್ನೊಂದು ಸಂಗತಿಯೂ ಇದೆ. ಬೆಳ್ವೊಲ, ಪುರಿಗೆರೆ, ಕಿಸುಕಾಡುಗಳು ಗಂಗರಿಗೆ ಬಂದುದು ರಾಷ್ಟ್ರಕೂಟರ ಬಳುವಳಿಯಾಗಿ; ಅವರ ಅಧಿಕಾರ ಇರುವಷ್ಟು ಕಾಲ ಮಾತ್ರ ಆ ಹಕ್ಕಿಗೆ ಬೆಲೆ. ಬಾದಾಮಿ ಚಾಲುಕ್ಯರ ವಾರಸುದಾರನೆಂದು ಹೇಳಿಕೊಳ್ಳುತ್ತಿದ್ದ ತೈಲಪ ಮಲಪ್ರಭೆಯ ಆಸುಪಾಸಿನ ಆ ಸೀಮೆಯನ್ನು ಗಂಗರ ಕೈಯಲ್ಲಿ ಬಿಡುವ ಸಂಭವವೇ ಇರಲಿಲ್ಲ. ಹೀಗೆ ನಿಷ್ಠೆ, ನೆಂಟಸ್ತಿಕೆ, ನೆಲ - ಮೂರೂ ಮಾರಸಿಂಹನನ್ನು ಒಂದೇ ದಿಕ್ಕಿಗೆ ಎಳೆದವು. ಹಿಂದಿರುಗುವ ದಾರಿ ಆತನಿಗೆ ತಂದೆಯ ಮದುವೆಯ ದಿನವೇ ಮುಚ್ಚಿಹೋಗಿತ್ತೇನೋ.

ಇಂದ್ರನಿಗೆ ಪಟ್ಟವಾಯಿತು, ರಾಜ್ಯವಾಗಲಿಲ್ಲ. ತೈಲಪನ ಬಲ ದಿನದಿಂದ ದಿನಕ್ಕೆ ಬೆಳೆಯಿತು. ಗಂಗರ ಮನೆಯೂ ಒಡೆಯಿತು. ಪಂಚಲದೇವನೆಂಬ ಗಂಗ ಮಹಾಸಾಮಂತ ಬೆಳ್ವೊಲದ ಕಡೆ ತನ್ನದೇ ಅಧಿಕಾರ ಸಾರಿಕೊಂಡನು. ಗದಗ ಬಳಿಯ ಮುಳಗುಂದದ 975ರ ಶಾಸನದಲ್ಲಿ ಆತ ಸ್ವತಂತ್ರ ದೊರೆಯಂತೆಯೇ ಕಾಣಿಸುತ್ತಾನೆ. ಎರಡು ವರ್ಷಗಳಲ್ಲಿ ತೈಲಪ ಆತನನ್ನೂ ಮುಗಿಸಿದನು. ಬಳುವಳಿಯ ನಾಡುಗಳು ಕೈಬಿಟ್ಟವು.

ಬಂಕಾಪುರದ ಮೂರು ದಿನ

ಸೋಲು ಖಚಿತವಾದಾಗ ಮಾರಸಿಂಹ ತಲಕಾಡಿಗೆ ಬಂದು ಕೋಟೆಯ ಬಾಗಿಲು ಹಾಕಿಕೊಳ್ಳಬಹುದಿತ್ತು. ಗಂಗವಾಡಿ ಆಗಲೂ ಗಂಗರದೇ ಆಗಿತ್ತು. ತೈಲಪನ ಗಮನ ಉತ್ತರದ ಪರಮಾರರ ಕಡೆಗೂ ಹರಿದಿತ್ತು. ಆದರೆ ಮಾರಸಿಂಹ ಅಧಿಕಾರವನ್ನು ಬಿಟ್ಟುಕೊಟ್ಟನು. ಧರ್ಮಕಾರ್ಯಗಳಲ್ಲಿ ಒಂದು ವರ್ಷದಷ್ಟು ಕಾಲ ಕಳೆದ ಮೇಲೆ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಗೆ ಬಂದನು.

ಇಂದು ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನಲ್ಲಿರುವ ಬಂಕಾಪುರ ಆ ಕಾಲಕ್ಕೆ ಜೈನವಿದ್ಯೆಯ ಹೆಸರಾಂತ ಕೇಂದ್ರ. ಗುಣಭದ್ರನ ಉತ್ತರಪುರಾಣಕ್ಕೆ ಮನ್ನಣೆ ದೊರೆತದ್ದು ಇಲ್ಲಿಯೇ. ಅಜಿತಸೇನರು ಅಲ್ಲಿನ ಗುರುಗಳು. ಅವರ ಶಿಷ್ಯರ ಸಾಲಿನಲ್ಲಿ ಮಾರಸಿಂಹನಿದ್ದನು, ಚಾವುಂಡರಾಯನಿದ್ದನು, ಬಳೆಗಾರರ ಮನೆಯಿಂದ ಬಂದ ಕವಿ ರನ್ನನೂ ಇದ್ದನು. ಒಬ್ಬ ಅರಸ, ಒಬ್ಬ ಸೇನಾನಿ, ಒಬ್ಬ ಕವಿ ಒಂದೇ ಗುರುವಿನ ಮುಂದೆ ಕುಳಿತ ನೆಲ ಅದು. ಮುಂದೆ ರನ್ನ ಕಾವ್ಯ ಬರೆದದ್ದು ಮಾರಸಿಂಹನನ್ನು ಸೋಲಿಸಿದ ಚಾಲುಕ್ಯರ ಆಸ್ಥಾನದಲ್ಲಿ. ಕವಿಗೆ ಸಾಧ್ಯವಾದ ದಾರಿ ಅರಸನಿಗೆ ಸಾಧ್ಯವಾಗಲಿಲ್ಲ.

ಅಲ್ಲಿ ಮಾರಸಿಂಹ ಸಲ್ಲೇಖನ ವ್ರತ ಹಿಡಿದನು. ಅನ್ನನೀರನ್ನು ಕ್ರಮವಾಗಿ ತೊರೆದು, ಕಷಾಯಗಳನ್ನು ಕರಗಿಸಿಕೊಂಡು, ಸಮಾಧಿಯಿಂದ ದೇಹ ಬಿಡುವ ಈ ವ್ರತವನ್ನು ಜೈನಧರ್ಮ ಆತ್ಮಹತ್ಯೆಯೆಂದು ಎಣಿಸುವುದಿಲ್ಲ. ಹತಾಶೆಯಿಂದ ಕೈಗೊಂಡರೆ ಅದು ವ್ರತವೇ ಅಲ್ಲ. ಆದರೂ ರಾಜ್ಯ ಕಳೆದುಕೊಂಡ ಅರಸನೊಬ್ಬ ಅದನ್ನು ಕೈಗೊಂಡಾಗ ವೈರಾಗ್ಯ ಎಲ್ಲಿ ಮುಗಿದು ನೋವು ಎಲ್ಲಿ ಮೊದಲಾಯಿತೆಂದು ಗೆರೆ ಎಳೆಯುವುದು ಕಷ್ಟ. ಆಳ್ವಿಕೆಯ ಉದ್ದಕ್ಕೂ ರಕ್ತ ಹರಿಸಿದ ಕೈಗಳು ಮೂರು ದಿನ ಸುಮ್ಮನೆ ಮಡಿಲಲ್ಲಿದ್ದವು. ಮೂರನೆಯ ದಿನ ಗುರುವಿನ ಪಾದದ ಬಳಿ ಮಾರಸಿಂಹ ಕಣ್ಣುಮುಚ್ಚಿದನು. 974-75ರ ಮಾತು ಇದು.

ಆತನ ಸ್ಮಾರಕ ತಲಕಾಡಿನಲ್ಲಿಲ್ಲ, ಬಂಕಾಪುರದಲ್ಲೂ ಇಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲಿದೆ. ಚಂದ್ರಗಿರಿಯ ಬಸದಿಗಳ ಪ್ರಾಕಾರದ ದಕ್ಷಿಣ ಬಾಗಿಲಿನ ಬಳಿ ನಿಂತಿರುವ ಕೂಗೆ ಬ್ರಹ್ಮದೇವರ ಕಂಬವೇ ಅದು. ಕಂಬದ ಬುಡದ ನಾಲ್ಕೂ ಮುಖಗಳಲ್ಲಿ ಮಾರಸಿಂಹನ ಯುದ್ಧಗಳು, ಬಿರುದುಗಳು, ಕೊನೆಗೆ ಬಂಕಾಪುರದ ಮೂರು ದಿನಗಳು ಕೆತ್ತಲ್ಪಟ್ಟಿವೆ. ಗೊಮ್ಮಟನನ್ನು ನೋಡಲು ದೊಡ್ಡಬೆಟ್ಟ ಹತ್ತುವ ಜನಸಾಗರದಲ್ಲಿ ಈ ಕಂಬದವರೆಗೆ ಬರುವವರು ಕಡಿಮೆ. ಎಂಟು ದಿಕ್ಕಿಗೆ ಎಂಟು ಆನೆಗಳು ಕಂಬವನ್ನು ಹೊತ್ತಿದ್ದವಂತೆ. ಈಗ ಉಳಿದಿರುವವು ಕೆಲವು ಮಾತ್ರ.

ಮಾರಸಿಂಹನ ನಂತರ

ಅಳಿಯ ಇಂದ್ರನ ಕಥೆಯೂ ಮಾವನ ಕಥೆಯಂತೆಯೇ ಮುಗಿಯಿತು. ರಾಜ್ಯವಿಲ್ಲದ ಚಕ್ರವರ್ತಿಯಾಗಿ ಕೆಲವು ವರ್ಷ ಕಳೆದ ಆತ ಶ್ರವಣಬೆಳಗೊಳಕ್ಕೆ ಬಂದು, ಅದೇ ಸಲ್ಲೇಖನ ವ್ರತದಿಂದ 982ರ ಮಾರ್ಚ್ 20ರಂದು ದೇಹ ಬಿಟ್ಟನು. ಅಲ್ಲಿನ ಶಾಸನ ಆತನ ಯುದ್ಧಗಳಿಗಿಂತ ಚೆಂಡಾಟದ ನೈಪುಣ್ಯವನ್ನೇ ಹೆಚ್ಚಾಗಿ ವರ್ಣಿಸುತ್ತದೆ. ಗೆದ್ದ ಯುದ್ಧಗಳಿಲ್ಲದ ಅರಸನಿಗೆ ಶಾಸನಕಾರ ಬೇರೇನು ಬರೆದಾನು!

ತಲಕಾಡಿನಲ್ಲಿ ನಾಲ್ವಡಿ ರಾಚಮಲ್ಲ ಗದ್ದುಗೆಯೇರಿದನು. ರಾಜ್ಯ ಛಿದ್ರವಾಗದಂತೆ ಕಾಪಾಡಿದವನು ಚಾವುಂಡರಾಯ. ತಮ್ಮ ನಾಗವರ್ಮನನ್ನು ಕೊಂದ ಮುದುರಾಚಯ್ಯನನ್ನು ಸಂಹರಿಸಿದವನೂ ಆತನೇ, ತಾಯಿ ಕಾಳಲಾದೇವಿಯ ಬಯಕೆಯಂತೆ 58 ಅಡಿ ಎತ್ತರದ ಗೊಮ್ಮಟನನ್ನು ಕಡೆಯಿಸಿದವನೂ ಆತನೇ ಎಂಬುದು ಆ ಕಾಲದ ವೈಚಿತ್ರ್ಯ. 981-83ರ ಸುಮಾರಿಗೆ ಆ ಮೂರ್ತಿ ಸಿದ್ಧವಾಗುವ ಹೊತ್ತಿಗೆ ಗಂಗರ ರಾಜ್ಯ ತನ್ನ ಕೊನೆಯ ದಶಕಗಳಿಗೆ ಕಾಲಿಟ್ಟಿತ್ತು. ಗಂಗರನ್ನು ನೆನೆದಾಗ ಇಂದು ಜಗತ್ತಿಗೆ ಹೊಳೆಯುವ ಒಂದೇ ಒಂದು ಕೃತಿ ಅವರ ಪತನಕಾಲದ್ದು. ಅನಂತರ ಬಂದ ರಕ್ಕಸಗಂಗ ನಾಗವರ್ಮ ಕವಿಗೆ ಆಶ್ರಯ ಕೊಟ್ಟನು. ಕನ್ನಡದ ಮೊದಲ ಛಂದಸ್ಸಿನ ಗ್ರಂಥ ಛಂದೋಂಬುಧಿ ಹುಟ್ಟಿತು.

ಆದರೆ ಕಾವೇರಿಯ ಕೆಳದಂಡೆಯಲ್ಲಿ 985ರಲ್ಲಿ ಒಂದನೆಯ ರಾಜರಾಜ ಚೋಳ ಪಟ್ಟಕ್ಕೆ ಬಂದಿದ್ದನು. ಗಂಗರ ಬೆನ್ನಿಗೆ ನಿಲ್ಲಲು ಈಗ ಮಾನ್ಯಖೇಟವಿರಲಿಲ್ಲ. ಕಲ್ಯಾಣದ ಚಾಲುಕ್ಯರಿಗೆ ಗಂಗರ ಮೇಲೆ ಮಮತೆ ಇರಲು ಕಾರಣವಿರಲಿಲ್ಲ. ನೊಳಂಬರ ಅಡ್ಡಗೋಡೆಯೂ ಉಳಿದಿರಲಿಲ್ಲ. 1004ರ ಸುಮಾರಿಗೆ ಚೋಳರ ಸೈನ್ಯ ತಲಕಾಡನ್ನು ಹಿಡಿಯಿತು. ತಕ್ಕೋಲಂನಲ್ಲಿ ರಾಜಾದಿತ್ಯ ಆನೆಯ ಮೇಲೆ ಮಡಿದು ಆಗ 55 ವರ್ಷಗಳಾಗಿದ್ದವು.

ಊರಿಗೆ ರಾಜರಾಜಪುರವೆಂದು ಹೊಸ ಹೆಸರಿಟ್ಟರು. ನೂರಕ್ಕೂ ಹೆಚ್ಚು ವರ್ಷ ಗಂಗರ ರಾಜಧಾನಿ ಆ ಹೆಸರನ್ನೇ ಹೊತ್ತು ಚೋಳರ ಕೈಯಲ್ಲಿತ್ತು. 1116-17ರಲ್ಲಿ ಹೊಯ್ಸಳ ವಿಷ್ಣುವರ್ಧನ ಅದನ್ನು ಬಿಡಿಸಿಕೊಂಡು, ತಲಕಾಡುಗೊಂಡ ಎಂಬ ಬಿರುದು ಧರಿಸಿ, ಅಲ್ಲಿ ಕೀರ್ತಿನಾರಾಯಣನ ಗುಡಿಯನ್ನು ಕಟ್ಟಿಸಿದನು. ಇಂದು ಪ್ರವಾಸಿಗರು ಮರಳಿನಲ್ಲಿ ಇಳಿದು ನೋಡುವುದು ಆ ಗುಡಿಯನ್ನು.